ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್: ಆನ್‌ಲೈನ್‌ನಲ್ಲಿ ಮಾರುವವರನ್ನು ಎಷ್ಟು ನಂಬಬಹುದು?

ಜಾಹೀರಾತಿನ ಲಿಂಕ್ ಕಳಿಸಿ "ಇವರನ್ನು ನಂಬಬಹುದಾ?" ಎಂದು ಕೇಳುವ ಓದುಗರು ಜಾಸ್ತಿ ಆಗಿದ್ದಾರೆ. ಬರೀ ಜಾಹೀರಾತು ನೋಡಿ ಮನುಷ್ಯರನ್ನು ಅಳೆಯಲು ಆಗುವುದಿಲ್ಲ. ಆದರೆ ಅವರು ಹೇಳಿದ ಮಾತುಗಳನ್ನು ಒಂದೊಂದಾಗಿ ತಾಳೆ ನೋಡಬಹುದು. ಹಾಗೆ ತಾಳೆ ನೋಡಲು ಹೊರಟಾಗ ಅವರು ಸಹಕರಿಸುತ್ತಾರಾ, ಅಡ್ಡಗಾಲು ಹಾಕುತ್ತಾರಾ ಎಂಬುದೂ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಇವೆರಡೇ ಸಾಕು. ಮಾತು ನಯವಾಗಿದೆಯೋ ಒರಟಾಗಿದೆಯೋ ಎಂಬುದಕ್ಕೆ ನಾನು ಬೆಲೆ ಕೊಡುವುದಿಲ್ಲ. ನಯವಾಗಿ ಮಾತಾಡುವುದೇ ವಂಚಕರ ಕಸುಬು. ಒಳ್ಳೆಯ ಕಾರು ಇಟ್ಟುಕೊಂಡ ಎಷ್ಟೋ ಜನ ಎರಡು ಪದದಲ್ಲಿ ಉತ್ತರ ಕೊಟ್ಟು ಸುಮ್ಮನಾಗುವ ಸಿಡುಕರು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಎಂದರೆ, ಹೌದು. ಮಾಮೂಲಿ ಕಾರಿನಲ್ಲಿ ಮುಚ್ಚಿಟ್ಟ ದೋಷ ಒಂದು ರಿಪೇರಿಗೆ ಮುಗಿಯುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ ಕೆಲಸದ ಬಿಲ್ಲು ಕೆಲವೊಮ್ಮೆ ಕಾರಿಗೆ ಕೊಟ್ಟ ಹಣದ ಹತ್ತಿರಕ್ಕೇ ಹೋಗುತ್ತದೆ. ಅದೂ ಅಲ್ಲದೆ ಈ ಕಾರುಗಳನ್ನು ಜನ ಜೋರಾಗಿ ಓಡಿಸುತ್ತಾರೆ, ಬಿಚ್ಚಿ ಬದಲಾಯಿಸುತ್ತಾರೆ, ಮಾರುವ ಮುಂಚೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಏನೂ ಆಗಿಲ್ಲ ಎನ್ನುತ್ತಾರೆ.

ಒಂದು ವಿಷಯ ಮನಸ್ಸಿನಲ್ಲಿರಲಿ. ಮಾರುವವರಲ್ಲಿ ಹಸಿ ಸುಳ್ಳು ಹೇಳುವವರು ಇರುತ್ತಾರೆ, ತಮ್ಮ ಕಾರಿನ ಬಗ್ಗೆ ತಮಗೇ ಗೊತ್ತಿಲ್ಲದವರು ಇರುತ್ತಾರೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದದ್ದನ್ನು ನುಂಗಿಕೊಳ್ಳುವವರೂ ಇರುತ್ತಾರೆ. ಜಾಸ್ತಿ ಎದುರಾಗುವುದು ಈ ಕೊನೆಯವರೇ. ಹಾಗಾಗಿ ಏನು ಕೇಳಬೇಕು ಎಂಬುದು ನಿಮಗೆ ಗೊತ್ತಿರಲೇಬೇಕು.

ಏನೇನು ಬೇಕು?

ಒಂದು ಟಾರ್ಚ್. ಒಂದು ಓಬಿಡಿ ಸ್ಕ್ಯಾನರ್, ಅಂದರೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಕಾರಿನ ಕಂಪ್ಯೂಟರ್ ಓದುವ ಪುಟ್ಟ ಸಾಧನ. ಒಂದು ಪೇಂಟ್ ಗೇಜ್, ಅಂದರೆ ಪೇಂಟಿನ ದಪ್ಪ ಅಳೆಯುವ ಉಪಕರಣ; ಸಾಧ್ಯವಾದರೆ ಯಾರಿಂದಲಾದರೂ ಎರವಲು ತನ್ನಿ. ಅದೇ ಮಾಡೆಲ್ ಮೇಲೆ ಕೈಯಾಡಿಸಿರುವ, ಮಾರುವವರ ಪರಿಚಯ ಇಲ್ಲದ ಮೆಕ್ಯಾನಿಕ್. ಇವೆಲ್ಲಕ್ಕಿಂತ ಮುಖ್ಯವಾಗಿ, ಬೇಡ ಎಂದು ಎದ್ದು ಬರುವ ಮನಸ್ಸು. ಬಣ್ಣ ನೋಡಿಯೇ ಮನಸ್ಸು ಕೊಟ್ಟುಬಿಟ್ಟಿದ್ದರೆ ಮುಂದಿನ ಯಾವ ಹಂತವೂ ಉಪಯೋಗಕ್ಕೆ ಬರುವುದಿಲ್ಲ.

ಹಂತ 1: ಮೊದಲು ಆ ಮಾಡೆಲ್‌ನ ಕಾಯಿಲೆ ತಿಳಿದುಕೊಳ್ಳಿ

ಹೆಸರಾಂತ ಸ್ಪೋರ್ಟ್ಸ್ ಕಾರುಗಳಿಗೆಲ್ಲ ಮಾಲೀಕರಿಗೆ ಚೆನ್ನಾಗಿ ಗೊತ್ತಿರುವ ಒಂದೆರಡು ಕಾಯಿಲೆಗಳಿರುತ್ತವೆ. ಕೆಲವನ್ನು ಹೇಳುತ್ತೇನೆ.

1990ರ ದಶಕದ ಕೊನೆಯಿಂದ 2008ರವರೆಗಿನ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು ಸಾಮಾನ್ಯ 911ಗಳಲ್ಲಿ ಐಎಂಎಸ್ ಬೇರಿಂಗ್ ಎಂಬುದೊಂದಿದೆ. ಇದು ಎಂಜಿನ್ ಒಳಗಿನ ಒಂದು ಶಾಫ್ಟ್ ಅನ್ನು ಹಿಡಿದಿಡುವ ಬೇರಿಂಗ್. ಇದು ಪುಡಿಯಾದರೆ ಎಂಜಿನ್ನೇ ಹೋಗುತ್ತದೆ. ಬಿಎಂಡಬ್ಲ್ಯು ಇ46 ಎಂ3ಯಲ್ಲಿ ಹಿಂದಿನ ಸಬ್‌ಫ್ರೇಮ್ (ಹಿಂಚಕ್ರಗಳ ಭಾಗಗಳನ್ನು ಹೊರುವ ಚೌಕಟ್ಟು) ಕೂರುವ ತಳದ ತಗಡು ಬಿರುಕು ಬಿಡುತ್ತದೆ. ಅದರ ನಂತರದ ವಿ8 ಎಂ3ಯಲ್ಲಿ ರಾಡ್ ಬೇರಿಂಗ್, ಅಂದರೆ ಪಿಸ್ಟನ್ನಿನ ರಾಡು ಎಂಜಿನ್ನಿನ ಮುಖ್ಯ ಶಾಫ್ಟಿಗೆ ಸೇರುವ ಕಡೆಯ ಬೇರಿಂಗ್, ಸವೆಯುವುದು ದೊಡ್ಡ ಚಿಂತೆ. ಮಜ್ದಾ ಆರ್‌ಎಕ್ಸ್-8ರಲ್ಲಿ ಪಿಸ್ಟನ್ ಇಲ್ಲದ ರೋಟರಿ ಎಂಜಿನ್ ಇದೆ. ಅದರ ಕಂಪ್ರೆಶನ್, ಅಂದರೆ ಎಂಜಿನ್ ಒಳಗೆ ಹುಟ್ಟುವ ಒತ್ತಡ, ನೋಡಲು ಬೇರೆಯೇ ಟೆಸ್ಟರ್ ಬೇಕು. ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಪಟ್ಟಿ) ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಹಾಗಾಗಿ ಆ ಕೆಲಸವನ್ನು ಮುಂದೂಡುತ್ತಾ ಬಂದವರು ಅದು ಮೈಮೇಲೆ ಬರುವ ಮುಂಚೆ ಕಾರನ್ನೇ ಮಾರಿಬಿಡುವುದುಂಟು.

ನೀವು ನೋಡುತ್ತಿರುವ ಮಾಡೆಲ್‌ನ ಪಟ್ಟಿಯನ್ನು ನೀವೇ ಮಾಡಿಕೊಳ್ಳಿ. ಇದರಿಂದ ಎರಡು ಉಪಯೋಗ. ಒಂದು, ಕಾರು ಪರೀಕ್ಷಿಸಲು. ಎರಡು, ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಮಾರುವವರನ್ನು ಪರೀಕ್ಷಿಸಲು.

ಹಂತ 2: ಜಾಹೀರಾತನ್ನು ನಿಧಾನವಾಗಿ ಓದಿ

ಫೋಟೋಗಳಿಂದ ಶುರು ಮಾಡಿ. ಒಂದೊಂದನ್ನೂ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಹಾಕಿ ಹುಡುಕಿ. ಅದೇ ಫೋಟೋ ಬೇರೆ ಊರಿನ, ಬೇರೆ ಹೆಸರಿನ ಜಾಹೀರಾತಿನಲ್ಲಿ ಸಿಕ್ಕರೆ ಅಲ್ಲಿಗೇ ಬಿಟ್ಟುಬಿಡಿ. ಎಲ್ಲ ಫೋಟೋ ಒಂದೇ ದಿನ, ಒಂದೇ ಕಡೆ ತೆಗೆದಿದ್ದಾ ನೋಡಿ. ಒಂದರಲ್ಲಿ ಕಪ್ಪು ವೀಲ್, ಇನ್ನೊಂದರಲ್ಲಿ ಬೆಳ್ಳಿ ವೀಲ್ ಇದ್ದರೆ ಹಳೆಯ ಫೋಟೋ ಸೇರಿಸಿದ್ದಾರೆ ಎಂದರ್ಥ. ಮಳೆಯಲ್ಲಿ ನೆಂದ ಕಾರಿನ ಫೋಟೋಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನೀರು ಗೀರುಗಳನ್ನು ಮುಚ್ಚುತ್ತದೆ.

ಬರಹದಲ್ಲಿ ಇರುವುದಕ್ಕಿಂತ ಇಲ್ಲದ್ದನ್ನು ಗಮನಿಸಿ. ಹೊಸ ಎಗ್ಸಾಸ್ಟ್, ಹೊಸ ಸ್ಟೀರಿಯೋ ಬಗ್ಗೆ ಅರ್ಧ ಪುಟ ಬರೆದು ಕ್ಲಚ್, ಬೆಲ್ಟ್, ಟೈರ್ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಗುರುತು ಹಾಕಿಕೊಳ್ಳಿ. "ಎಡ ಬಾಗಿಲಲ್ಲಿ ಸಣ್ಣ ಡೆಂಟ್ ಇದೆ, ಎಸಿ ಗ್ಯಾಸ್ ಎರಡು ತಿಂಗಳಿಗೆ ಖಾಲಿ ಆಗುತ್ತದೆ" ಎಂದು ಬರೆದವರಿಗೆ ನನ್ನ ಮೊದಲ ಅಂಕ. ತನ್ನ ಕಾರಿನ ಕೊರತೆಯನ್ನು ಯಾರೂ ಕೇಳದೆ ಬರೆಯುವವರು ಕಮ್ಮಿ.

ಬೆಲೆ ವಿಪರೀತ ಕಮ್ಮಿ ಇದೆಯಾ? ಜೊತೆಗೆ ಮಾರುವವರು ದೂರದ ಊರಿನಲ್ಲಿದ್ದಾರಾ, ಕಾರು ಇನ್ನೊಬ್ಬರ ಹತ್ತಿರ ಇದೆಯಾ, ಅಡ್ವಾನ್ಸ್ ಕೊಟ್ಟರೆ ಮನೆಗೇ ಕಳಿಸುತ್ತಾರಂತಾ? ಇವು ಒಟ್ಟಿಗೆ ಬಂದರೆ ಆ ಕಾರು ಇಲ್ಲವೇ ಇಲ್ಲ ಎಂದುಕೊಳ್ಳಿ.

ಹಂತ 3: ವಿಐಎನ್ ಕೇಳಿ

ವಿಐಎನ್ ಅಂದರೆ ಕಾರಿನ ಗುರುತಿನ ಸಂಖ್ಯೆ. ಚಾಸಿ ನಂಬರ್ ಎಂದು ನಾವು ಕರೆಯುವುದೂ ಇದನ್ನೇ. 1981ರಿಂದೀಚೆಗೆ ಇದು 17 ಅಕ್ಷರ-ಅಂಕಿಗಳ ಜೋಡಣೆಯಾಗಿ ನೆಲೆಯಾಯಿತು. ಇದರಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, 1 ಮತ್ತು 0 ಜೊತೆ ಗೊಂದಲ ಆಗದಿರಲಿ ಎಂದು. ಕಳಿಸಿದ ನಂಬರಿನಲ್ಲಿ ಇವುಗಳಲ್ಲಿ ಒಂದಿದ್ದರೆ ಟೈಪಿಂಗ್ ತಪ್ಪು, ಇಲ್ಲವೇ ಕಟ್ಟುಕಥೆ. ಟೈಪ್ ಮಾಡಿದ್ದು ಬೇಡ, ನಂಬರಿನ ಫೋಟೋ ಕೇಳಿ.

ಇದರಿಂದ ಕಾರು ಯಾವ ಮಾಡೆಲ್ ಆಗಿ ಕಾರ್ಖಾನೆಯಿಂದ ಹೊರಬಂತು ಎಂಬುದು ತಿಳಿಯುತ್ತದೆ. ಸಾಮಾನ್ಯ ಮಾಡೆಲ್‌ಗೆ ಮೇಲಿನ ಮಾಡೆಲ್‌ನ ಬಂಪರ್, ಬ್ಯಾಡ್ಜ್ ಹಾಕಿ ಮಾರುವುದು ಹಳೆಯ ಆಟ. ವಿಐಎನ್ ಅನ್ನು ನೆಟ್‌ನಲ್ಲಿ ಹುಡುಕಿದರೆ ಕೆಲವೊಮ್ಮೆ ಅಪಘಾತವಾಗಿ ಹರಾಜಿಗೆ ಬಂದಿದ್ದಾಗಿನ ಫೋಟೋಗಳೇ ಸಿಗುತ್ತವೆ.

ಇಲ್ಲೊಂದು ಎಚ್ಚರಿಕೆ. ಹಣ ಕೊಟ್ಟು ತರಿಸುವ ಇತಿಹಾಸದ ವರದಿ ಕ್ಲೀನ್ ಇದ್ದರೆ ಅಪಘಾತ ಆಗಿಲ್ಲ ಎಂದಲ್ಲ. ಯಾರೂ ವರದಿ ಮಾಡಿಲ್ಲ ಎಂದಷ್ಟೇ. ಇನ್ಶೂರೆನ್ಸ್ ಮುಟ್ಟದೆ ಕೈಯಿಂದ ಹಣ ಹಾಕಿ ಮಾಡಿಸಿದ ರಿಪೇರಿ ಅದರಲ್ಲಿ ಬರುವುದಿಲ್ಲ.

ವಿಐಎನ್ ಕೊಡಲು ಹಿಂದೇಟು ಹಾಕುವವರಿಗೆ ಒಂದು ಸಲ ವಿವರಿಸಿ ಕೇಳಿ. ಅಪರಿಚಿತರಿಗೆ ಕೊಡಲು ಭಯಪಡುವ ಪ್ರಾಮಾಣಿಕರೂ ಇದ್ದಾರೆ. ನೀವು ಫೋನ್ ಮಾಡಿ ಮಾತಾಡಿದ ಮೇಲೂ ಕೊಡದಿದ್ದರೆ ಆ ಕಾರು ಬಿಟ್ಟು ಬೇರೆಯದು ನೋಡಿ.

ಹಂತ 4: ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ

ಈ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ. "ಕಂಡೀಷನ್ ಹೇಗಿದೆ?" ಎಂದು ಕೇಳಿದರೆ "ಸೂಪರ್" ಎಂಬ ಉತ್ತರ ಬಿಟ್ಟು ಇನ್ನೇನು ಬರುತ್ತದೆ? ಹೌದು-ಇಲ್ಲ ಎಂದು ಹೇಳಿ ಜಾರಿಕೊಳ್ಳಲಾಗದ ಪ್ರಶ್ನೆಗಳು ಬೇಕು.

"ಈಗ ಕಾರಿನಲ್ಲಿ ಸರಿಯಿಲ್ಲದ್ದು ಏನೇನಿದೆ?" ಎಂದು ಶುರು ಮಾಡಿ. ಹದಿನೈದು ವರ್ಷದ ಕಾರಿನಲ್ಲಿ ಏನೂ ಇಲ್ಲ ಎನ್ನುವವರು ಕಾರನ್ನು ನೋಡಿಲ್ಲ ಅಥವಾ ನಿಮಗೆ ತೋರಿಸಲು ತಯಾರಿಲ್ಲ.

"ಆಕ್ಸಿಡೆಂಟ್ ಆಗಿದೆಯಾ?" ಎಂದು ಕೇಳಬೇಡಿ. ಆ ಪದವನ್ನು ಹೇಗೆ ಬೇಕಾದರೂ ಎಳೆಯಬಹುದು. ಬಂಪರ್ ಒಡೆದದ್ದು ಅವರ ಪ್ರಕಾರ ಆಕ್ಸಿಡೆಂಟ್ ಅಲ್ಲವೇ ಅಲ್ಲ. "ಯಾವ ಯಾವ ಪ್ಯಾನೆಲ್‌ಗೆ ಮತ್ತೆ ಪೇಂಟ್ ಆಗಿದೆ, ಯಾಕೆ?" ಎಂದು ಕೇಳಿ. ಇದಕ್ಕೆ ಕೊಡುವ ಉತ್ತರವನ್ನು ಗೇಜ್ ಹಿಡಿದು ನೀವೇ ನೋಡಬಹುದು.

"ಯಾವ ಭಾಗಗಳು ಕಂಪನಿಯವಲ್ಲ? ಬಿಚ್ಚಿದ ಒರಿಜಿನಲ್ ಭಾಗಗಳು ಎಲ್ಲಿವೆ? ಯಾವಾಗಲಾದರೂ ರೀಮ್ಯಾಪ್ ಮಾಡಿಸಿದ್ದೀರಾ?" ರೀಮ್ಯಾಪ್ ಅಂದರೆ ಎಂಜಿನ್ ಕಂಪ್ಯೂಟರ್‌ನ ಲೆಕ್ಕಾಚಾರ ಬದಲಿಸಿ ಶಕ್ತಿ ಹೆಚ್ಚಿಸುವುದು. ಟರ್ಬೋ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಮಾಡಿಸಿದ್ದೇ ತಪ್ಪಲ್ಲ. ಯಾರು ಮಾಡಿದರು, ಎಷ್ಟು ಕಿಲೋಮೀಟರ್ ಹಾಗೆ ಓಡಿತು ಎಂದು ಹೇಳದೆ ಇರುವುದು ತಪ್ಪು.

"ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿದ್ದೀರಾ? ಯಾವ ಬ್ರೇಕ್ ಪ್ಯಾಡ್ ಹಾಕಿದ್ದಿರಿ?" ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಟ್ರ್ಯಾಕ್‌ಗೆ ಹೋದ ಕಾರು ಎಂದ ಮಾತ್ರಕ್ಕೆ ನಾನು ಬಿಡುವುದಿಲ್ಲ. ಟ್ರ್ಯಾಕ್‌ಗೆ ಒಯ್ಯುವ ಎಷ್ಟೋ ಮಾಲೀಕರು ಆಯಿಲ್, ಬ್ರೇಕ್ ಆಯಿಲ್‌ಗಳನ್ನು ಕಂಪನಿ ಹೇಳಿದ್ದಕ್ಕಿಂತ ಬೇಗ ಬದಲಿಸುತ್ತಾರೆ. ಆದರೆ ಹೋಗೇ ಇಲ್ಲ ಎಂದು ಹೇಳಿ, ಮುಂದೆ ಗುರುತು ಸಿಕ್ಕರೆ ಅವರ ಬೇರೆ ಮಾತುಗಳನ್ನೂ ನಂಬಬೇಡಿ.

ಇನ್ನು "ಯಾಕೆ ಮಾರುತ್ತಿದ್ದೀರಿ?" ಎಂಬ ಪ್ರಶ್ನೆ. ಎಲ್ಲರೂ ಕೇಳುತ್ತಾರೆ, ಎಲ್ಲರ ಹತ್ತಿರವೂ ಉತ್ತರ ಸಿದ್ಧವಿರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲ ಹಂತದ ಪಟ್ಟಿಯಿಂದಲೂ ಒಂದು ಪ್ರಶ್ನೆ ಸೇರಿಸಿ. "ಈ ಮಾಡೆಲ್‌ನಲ್ಲಿ ಐಎಂಎಸ್ ಬೇರಿಂಗ್ ಸಮಸ್ಯೆ ಅಂತಾರಲ್ಲ, ಏನದು?" ಎಂದು ಏನೂ ಗೊತ್ತಿಲ್ಲದವರಂತೆ ಕೇಳಿ. "ಅದೆಲ್ಲ ನೆಟ್‌ನವರ ಗಾಳಿಸುದ್ದಿ" ಎಂಬ ಉತ್ತರಕ್ಕೂ, "ಇದರಲ್ಲಿ ಬದಲಿಸಿಲ್ಲ, ಕ್ಲಚ್ ಬಿಚ್ಚಿದಾಗ ಮಾಡಿಸಬೇಕು" ಎಂಬ ಉತ್ತರಕ್ಕೂ ಇರುವ ಅಂತರ ನಿಮಗೇ ಕಾಣುತ್ತದೆ.

"ಗೊತ್ತಿಲ್ಲ" ಎನ್ನುವವರನ್ನು ತಕ್ಷಣ ಅನುಮಾನಿಸಬೇಡಿ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದವರು ನಿಜವಾಗಿ ನೋಡಿ ಹೇಳಿದರಾ ಎಂಬುದೇ ಪರೀಕ್ಷೆ. ಫೋನಿನಲ್ಲಿ ಮಾತಾಡಿದ್ದರೆ ಆಮೇಲೆ "ನೀವು ಹೇಳಿದ್ದು ಹೀಗೆ, ಸರಿನಾ?" ಎಂದು ಮೆಸೇಜ್ ಹಾಕಿ ಒಪ್ಪಿಗೆ ಪಡೆಯಿರಿ. ನಾಳೆ ತಕರಾರು ಬಂದರೆ ಅದೇ ನಿಮ್ಮ ಆಧಾರ.

ಹಂತ 5: ವಿಡಿಯೋ ಕಾಲ್

ರೆಕಾರ್ಡ್ ಮಾಡಿದ ವಿಡಿಯೋ ಬೇಡ, ಲೈವ್ ಕಾಲ್ ಇರಲಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ. ಇಗ್ನಿಷನ್ ಆನ್ ಮಾಡಿದಾಗ ಎಂಜಿನ್ ಮತ್ತು ಏರ್‌ಬ್ಯಾಗ್ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲಿಗೇ ಹತ್ತದಿದ್ದರೆ ಬಲ್ಬ್ ಕಿತ್ತಿರುವ ಸಾಧ್ಯತೆ ಇದೆ. ಕಾರು ನಿಜವಾಗಿ ಅವರ ಹತ್ತಿರ ಇದೆ ಎಂಬುದೂ ಇದರಿಂದ ಖಚಿತವಾಗುತ್ತದೆ.

ಹಂತ 6: ದಾಖಲೆ ಮತ್ತು ಕಿಲೋಮೀಟರ್ ತಾಳೆ ನೋಡಿ

ಸರ್ವಿಸ್ ಬುಕ್ಕಿನ ಸೀಲು ಯಾರು ಬೇಕಾದರೂ ಹಾಕಬಹುದು. ಬಿಲ್ಲುಗಳನ್ನು ಕೇಳಿ. ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರ್, ಭಾಗಗಳ ಪಟ್ಟಿ, ವಿಐಎನ್ ಅಥವಾ ಕಾರಿನ ನಂಬರ್ ಇರುತ್ತದೆ. ಎಲ್ಲವನ್ನೂ ದಿನಾಂಕದ ಪ್ರಕಾರ ಸಾಲಾಗಿ ಬರೆದುಕೊಳ್ಳಿ. ಕಿಲೋಮೀಟರ್ ಎಲ್ಲಾದರೂ ಹಿಂದಕ್ಕೆ ಹೋಗಿದೆಯಾ? ನಾಲ್ಕು ವರ್ಷ ಬಿಲ್ಲೇ ಇಲ್ಲದ ಖಾಲಿ ಜಾಗ ಇದೆಯಾ? ಬಿಲ್ಲು ಕೊಟ್ಟ ವರ್ಕ್‌ಶಾಪಿಗೆ ನೀವೇ ಫೋನ್ ಮಾಡಿ ಕೇಳಿ. ಆದರೆ ಬಿಲ್ಲಿನ ಮೇಲಿರುವ ನಂಬರ್ ನಂಬದೆ ನೀವೇ ಹುಡುಕಿದ ನಂಬರಿಗೆ ಮಾಡಿ.

ಡಿಜಿಟಲ್ ಮೀಟರ್ ತಿರುಗಿಸಲು ಆಗುವುದಿಲ್ಲ ಎಂಬುದು ತಪ್ಪು ನಂಬಿಕೆ. ಬದಲಿಸುವುದು ಸುಲಭವೇ. ಆದರೆ ಎಷ್ಟೋ ಕಾರುಗಳಲ್ಲಿ ಕಿಲೋಮೀಟರ್ ಲೆಕ್ಕ ಮೀಟರ್ ಅಷ್ಟೇ ಅಲ್ಲದೆ ಬೇರೆ ಕಂಪ್ಯೂಟರ್ ಪೆಟ್ಟಿಗೆಗಳಲ್ಲೂ ಉಳಿದಿರುತ್ತದೆ. ಆ ಕಂಪನಿಯ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಅದನ್ನು ಓದಬಲ್ಲರು.

ಪೋರ್ಷೆಯಂಥ ಕಾರುಗಳಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದೂ ಸಿಗುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಮೀಟರ್ 40,000 ತೋರಿಸಿ, ಎಂಜಿನ್ 2,500 ಗಂಟೆ ಓಡಿದ್ದರೆ ಸರಾಸರಿ ವೇಗ ಗಂಟೆಗೆ 16 ಕಿಲೋಮೀಟರ್. ಸ್ಪೋರ್ಟ್ಸ್ ಕಾರು ಜೀವಮಾನವೆಲ್ಲ ಟ್ರಾಫಿಕ್‌ನಲ್ಲೇ ಕಳೆದಿದ್ದರೆ ಮಾತ್ರ ಹೀಗಾಗಬಹುದು. ಇಲ್ಲದಿದ್ದರೆ ಮೀಟರ್ ಬಗ್ಗೆ ಕೇಳಲೇಬೇಕು.

ಕೊನೆಯದಾಗಿ, ರಿಜಿಸ್ಟ್ರೇಷನ್ ಯಾರ ಹೆಸರಿನಲ್ಲಿದೆ? ಸಾಲ ಬಾಕಿ ಇದೆಯಾ? ಮಾರುವವರ ಗುರುತಿನ ಚೀಟಿಯ ಹೆಸರು ಬೇರೆ ಇದ್ದರೆ ಅವರು ಕಮಿಷನ್ ಏಜೆಂಟ್ ಇರಬಹುದು. ಏಜೆಂಟ್ ಆಗಿರುವುದು ತಪ್ಪಲ್ಲ, ಮಾಲೀಕನೆಂದು ಹೇಳಿಕೊಂಡಿದ್ದರೆ ತಪ್ಪು.

ಹಂತ 7: ಕಾರಿನ ಮುಂದೆ ನಿಂತಾಗ

ಹಗಲಲ್ಲೇ ಹೋಗಿ. ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಎಂಜಿನ್ ಹಿಂದಿರುವ ಕಾರಾದರೆ ಹಿಂದೆ ಇಡಿ. ಬಿಸಿ ಇದ್ದರೆ ಯಾಕೆಂದು ಕೇಳಿ. ತಣ್ಣಗೆ ಸ್ಟಾರ್ಟ್ ಮಾಡಿದಾಗ ಬರುವ ನೀಲಿ ಹೊಗೆ, ಟಕಟಕ ಸದ್ದು ಬಿಸಿಯಾದ ಮೇಲೆ ಅಡಗಿಬಿಡಬಹುದು.

ಆಮೇಲೆ ಅವರು ಹೇಳಿದ ಒಂದೊಂದು ಮಾತಿಗೂ ಕಾರಿನಲ್ಲಿ ಸಾಕ್ಷಿ ಹುಡುಕಿ.

ಪೇಂಟ್: ಕಂಪನಿ ಪೇಂಟಿನ ದಪ್ಪ ಸಾಮಾನ್ಯವಾಗಿ ಸುಮಾರು 80ರಿಂದ 180 ಮೈಕ್ರಾನ್ ಇರುತ್ತದೆ. ಒಂದು ಪ್ಯಾನೆಲ್ ಮಾತ್ರ ಉಳಿದವುಗಳ ಎರಡು ಪಟ್ಟು ತೋರಿಸಿದರೆ ಅಲ್ಲಿ ಮತ್ತೆ ಪೇಂಟ್ ಆಗಿದೆ. ಸಾವಿರ ದಾಟಿದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಕಬ್ಬಿಣದ ತಗಡಿಗೆ ಮಾತ್ರ ಕೆಲಸ ಮಾಡುವ ಅಗ್ಗದ ಗೇಜ್ ಹೋಂಡಾ ಎನ್‌ಎಸ್‌ಎಕ್ಸ್‌ನಂಥ ಅಲ್ಯೂಮಿನಿಯಂ ಕಾರಿನ ಮೇಲೆ ಉಪಯೋಗವಿಲ್ಲ. ಫೈಬರ್ ಬಾಡಿಯ ಕಾರ್ವೆಟ್, ಲೋಟಸ್‌ಗಳಿಗೆ ಮಾಮೂಲಿ ಗೇಜ್ ಯಾವುದೂ ಆಗುವುದಿಲ್ಲ.

ಬೋಲ್ಟು, ಗಾಜು: ಫೆಂಡರ್ ಮತ್ತು ಬಾನೆಟ್ಟಿನ ಬೋಲ್ಟ್ ತಲೆಯ ಮೇಲೆ ಪೇಂಟ್ ಸೀಳಿದ್ದರೆ ಬಿಚ್ಚಿದ್ದಾರೆ. ಕಿಟಕಿ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತು ಇರುತ್ತದೆ. ಒಂದು ಗಾಜು ಮಾತ್ರ ಕಾರಿಗಿಂತ ಹೊಸದಾಗಿದ್ದರೆ ಕಾರಣ ಕೇಳಿ.

ಟೈರ್: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. "ಮೊನ್ನೆ ಹಾಕಿಸಿದ ಹೊಸ ಟೈರ್" ಎಂದವರ ಮಾತನ್ನು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಟ್ರೆಡ್ (ಟೈರಿನ ಮೇಲಿನ ಗೆರೆಗಳು) ಚೆನ್ನಾಗಿದ್ದರೂ ಹತ್ತು ವರ್ಷದ ಟೈರಿನ ರಬ್ಬರ್ ಗಟ್ಟಿಯಾಗಿರುತ್ತದೆ, ಶಕ್ತಿಯುತ ಕಾರಿಗೆ ಅದು ಅಪಾಯ.

ಟ್ರ್ಯಾಕ್ ಗುರುತು: ವೀಲ್ ಆರ್ಚ್ ಒಳಗೆ ಅಂಟಿದ ರಬ್ಬರ್ ಚೂರು, ಬ್ರೇಕ್ ಡಿಸ್ಕ್ ಮೇಲೆ ಕೂದಲೆಳೆಯಂಥ ಬಿರುಕು, ಸೀಟಿನ ಹಿಂದೆ ರೇಸಿಂಗ್ ಬೆಲ್ಟ್ ಅಥವಾ ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಕಂಬಿಗಳ ಚೌಕಟ್ಟು) ಕೂರಿಸಿದ ರಂಧ್ರ, ಬಾಗಿಲ ಮೇಲೆ ಸ್ಟಿಕರ್ ಕಿತ್ತ ಕಲೆ.

ಓಬಿಡಿ: ದೋಷದ ಕೋಡ್ ಇಲ್ಲ ಎಂದು ನೋಡಿ ಖುಷಿಪಡಬೇಡಿ. "ರೆಡಿನೆಸ್" ಎಂಬ ಪುಟ ತೆರೆಯಿರಿ. ಕಾರಿನ ಕಂಪ್ಯೂಟರ್ ತನ್ನ ಒಳಪರೀಕ್ಷೆಗಳನ್ನು ಮುಗಿಸಿದೆಯಾ ಎಂದು ಅದು ಹೇಳುತ್ತದೆ. ಹೆಚ್ಚಿನವು ಮುಗಿದಿಲ್ಲ ಎಂದಿದ್ದರೆ, ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಅನೇಕ ಕಾರುಗಳಲ್ಲಿ ಕೋಡ್ ಅಳಿಸಿ ಎಷ್ಟು ಕಿಲೋಮೀಟರ್ ಆಯಿತು ಎಂಬುದೂ ಕಾಣುತ್ತದೆ. ನೀವು ಬರುವ ಹಿಂದಿನ ದಿನವೇ ಅಳಿಸಿದ್ದರೆ ಏನು ಅಳಿಸಿದರು ಎಂಬ ಪ್ರಶ್ನೆ ಏಳುತ್ತದೆ, ಅಲ್ವಾ?

ದೋಷ ಸಿಕ್ಕಿತು ಎಂದು ಕೂಡಲೇ ಜಗಳಕ್ಕೆ ನಿಲ್ಲಬೇಡಿ. ತೋರಿಸಿ, ಸುಮ್ಮನಿರಿ. "ಓ, ಅದು ಮೊದಲ ಮಾಲೀಕರ ಕಾಲದ್ದಿರಬೇಕು, ನಾನು ಗಮನಿಸಿರಲಿಲ್ಲ" ಎಂದು ಬಗ್ಗಿ ನೋಡುವವರು ಒಂದು ರೀತಿ. "ಸೆಕೆಂಡ್ ಹ್ಯಾಂಡ್ ಕಾರಲ್ಲಿ ಇಷ್ಟೆಲ್ಲ ನೋಡ್ತಾರಾ" ಎಂದು ಸಿಡಿಮಿಡಿಗೊಳ್ಳುವವರು ಇನ್ನೊಂದು ರೀತಿ.

ಹಂತ 8: ನಿಮ್ಮ ಮೆಕ್ಯಾನಿಕ್ ಕೈಗೆ ಕೊಡಿ

ಎಲ್ಲ ಹಂತ ಬಿಟ್ಟರೂ ಇದನ್ನು ಬಿಡಬೇಡಿ. ಕೊಳ್ಳುವ ಮುಂಚಿನ ತಪಾಸಣೆಗೆ ನೀವು ಆರಿಸಿದ ವರ್ಕ್‌ಶಾಪ್, ನಿಮ್ಮ ಖರ್ಚು. ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಕಂಪ್ರೆಶನ್ ಟೆಸ್ಟ್ ಅಥವಾ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಮೊದಲನೆಯದು ಸಿಲಿಂಡರ್ ಎಷ್ಟು ಒತ್ತಡ ಹುಟ್ಟಿಸುತ್ತದೆ ಎಂದು ನೋಡುತ್ತದೆ. ಎರಡನೆಯದು ಗಾಳಿ ತುಂಬಿಸಿ ಎಲ್ಲಿಂದ ಸೋರುತ್ತದೆ ಎಂದು ನೋಡುತ್ತದೆ. ಸಿಲಿಂಡರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇರಬಾರದು.

ಪೋರ್ಷೆಯಾದರೆ ಓವರ್‌ರೆವ್ ವರದಿ ಕೇಳಿ. ಎಂಜಿನ್ ಮಿತಿ ಮೀರಿ ಎಷ್ಟು ಸಲ ತಿರುಗಿದೆ, ಕೊನೆಯ ಸಲ ಎಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ಎಂಬ ಲೆಕ್ಕ ಅದರಲ್ಲಿದೆ. ಆಕ್ಸಿಲರೇಟರ್ ಒತ್ತಿದರೆ ಮಿತಿ ದಾಟದಂತೆ ಕಂಪ್ಯೂಟರ್ ತಡೆಯುತ್ತದೆ. ಆದರೆ ಜೋರಾಗಿ ಹೋಗುವಾಗ ಐದನೇ ಗೇರಿನಿಂದ ನಾಲ್ಕರ ಬದಲು ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸುತ್ತವೆ, ಆಗ ಕಂಪ್ಯೂಟರ್ ಏನೂ ಮಾಡಲಾರದು. ಮಿತಿಯನ್ನು ಎಷ್ಟು ಮೀರಿತು ಎಂಬುದರ ಮೇಲೆ ವರದಿ ಎಣಿಕೆಗಳನ್ನು ಮಟ್ಟಗಳಾಗಿ ವಿಂಗಡಿಸುತ್ತದೆ; ಅತಿ ಹೆಚ್ಚು ಮೀರಿದ ಮಟ್ಟಗಳ ಎಣಿಕೆಗಳು ಹೀಗೆ ಬಂದವು. ಫೆರಾರಿಯ ಎಫ್1 ಗೇರ್‌ಬಾಕ್ಸ್, ಲ್ಯಾಂಬೋರ್ಗಿನಿ ಗಯಾರ್ಡೋದ ಇ-ಗೇರ್‌ಗಳಲ್ಲಿ (ಕ್ಲಚ್ ಪೆಡಲ್ ಇಲ್ಲದೆ ಕಂಪ್ಯೂಟರೇ ಕ್ಲಚ್ ಒತ್ತುವ ಗೇರ್‌ಬಾಕ್ಸ್‌ಗಳು) ಕ್ಲಚ್ ಎಷ್ಟು ಸವೆದಿದೆ ಎಂಬುದನ್ನೂ ಸ್ಕ್ಯಾನರ್‌ನಲ್ಲಿ ಓದಬಹುದು.

"ಕಾರು ಹೊರಗೆ ಕೊಡಲ್ಲ" ಎನ್ನುವವರು ಇರುತ್ತಾರೆ. ಅವರ ಭಯಕ್ಕೂ ಅರ್ಥ ಇದೆ. ಹಾಗಾದರೆ ನೀವೇ ಓಡಿಸಿ ತನ್ನಿ, ಪಕ್ಕದಲ್ಲೇ ಇರಿ ಎನ್ನಿ. ಇಲ್ಲವೇ ಮೆಕ್ಯಾನಿಕ್ ಅವರನ್ನೇ ಕರೆದುಕೊಂಡು ಹೋಗಿ. ಎರಡನ್ನೂ ಒಪ್ಪದಿದ್ದರೆ, ಅಥವಾ "ನಾನು ಹೇಳಿದ ಗ್ಯಾರೇಜಿನಲ್ಲೇ ಆಗಬೇಕು" ಎಂದರೆ, ನನ್ನ ಪಾಲಿಗೆ ಆ ವ್ಯವಹಾರ ಅಲ್ಲಿಗೆ ಮುಗಿಯಿತು. "ಇನ್ನೊಬ್ಬರು ಸಂಜೆ ಹಣ ತರ್ತಿದ್ದಾರೆ" ಎಂದರೆ ಅವರಿಗೇ ಕೊಡಲಿ ಬಿಡಿ.

ಹಂತ 9: ಹಣ

ಕಾರು ನೋಡದೆ ಅಡ್ವಾನ್ಸ್ ಬೇಡ. ಕೊಡಲೇಬೇಕಾದರೆ, ತಪಾಸಣೆಯಲ್ಲಿ ಫೇಲ್ ಆದರೆ ವಾಪಸ್ ಎಂದು ಬರೆಸಿಕೊಳ್ಳಿ. ಎಸ್ಕ್ರೋ, ಅಂದರೆ ಎರಡೂ ಕಡೆಯವರ ಪರವಾಗಿ ಹಣ ಹಿಡಿದಿಡುವ ಮಧ್ಯಸ್ಥ ಸೇವೆ, ಒಳ್ಳೆಯ ವ್ಯವಸ್ಥೆ. ಆದರೆ ಮಾರುವವರು ಕಳಿಸಿದ ಎಸ್ಕ್ರೋ ಲಿಂಕ್ ಮುಟ್ಟಬೇಡಿ. ನಕಲಿ ಎಸ್ಕ್ರೋ ವೆಬ್‌ಸೈಟ್ ವಂಚಕರ ಮಾಮೂಲಿ ಬಲೆ. ಪೂರ್ತಿ ಹಣವನ್ನು ರಿಜಿಸ್ಟ್ರೇಷನ್‌ನಲ್ಲಿರುವ ಹೆಸರಿನ ಖಾತೆಗೇ ಹಾಕಿ. ಅದಕ್ಕೂ ಮುಂಚೆ ಕಾಗದದ ವಿಐಎನ್, ವಿಂಡ್‌ಸ್ಕ್ರೀನ್ ಹತ್ತಿರದ ಅಥವಾ ಬಾಗಿಲ ಚೌಕಟ್ಟಿನ ವಿಐಎನ್, ಬಾಡಿ ಮೇಲೆ ಕೊರೆದ ವಿಐಎನ್ ಮೂರನ್ನೂ ಕಣ್ಣಾರೆ ಹೋಲಿಸಿ. ಎರಡನೇ ಕೀ, ಬಿಚ್ಚಿಟ್ಟ ಒರಿಜಿನಲ್ ಭಾಗಗಳು ಹಣ ಹೋಗುವ ಮುಂಚೆಯೇ ನಿಮ್ಮ ಕೈಗೆ ಬರಲಿ.

ಬೇಡ ಎಂದು ಬಿಟ್ಟು ಬಂದ ಮೇಲೆ

ಬಿಟ್ಟು ಬಂದ ಕಾರಿನ ಜಾಹೀರಾತನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಯಾಕೆ ಬೇಡ ಎಂದು ಮಾರುವವರಿಗೆ ಮರ್ಯಾದೆಯಿಂದ ತಿಳಿಸಿ, ಮೆಕ್ಯಾನಿಕ್ ಕಂಡ ದೋಷವನ್ನೂ ಹೇಳಿ. ಕೆಲವು ವಾರ ಬಿಟ್ಟು ಅದೇ ಜಾಹೀರಾತನ್ನು ಮತ್ತೆ ನೋಡಿ. ನೀವು ಹೇಳಿದ ದೋಷವನ್ನು ಸೇರಿಸಿ ಬೆಲೆ ಇಳಿಸಿದ್ದರೆ ಅವರಿಗೆ ಮತ್ತೊಮ್ಮೆ ಫೋನ್ ಮಾಡಬಹುದು. ಅದೇ ಹಳೆಯ ಸಾಲುಗಳು ಹಾಗೇ ಇದ್ದರೆ ಬೇಡ.